ಎತ್ತಿ ಕುಡಿಯುವವರ ಮನೆಯಲ್ಲಿ ಒಂದೇ ಬಟ್ಟಲು

ಕೆಲವು ಅಭ್ಯಾಸಗಳನ್ನು ಯಾವ ಕಾನ್ವೆಂಟಿನ ಸಿಸ್ಟರಿಗೂ ಬಿಡಿಸಲಾಗುವುದಿಲ್ಲ. ನಾನು ಚಮಚ ಹಿಡಿಯಲು ಕಲಿತೆ, ಮಾತಿಗೊಂದು 'ಥ್ಯಾಂಕ್ಯೂ' ಕಲಿತೆ; ಲೋಟವನ್ನು ತುಟಿಗೆ ತಾಗಿಸಿ ಕುಡಿಯಲು ಮಾತ್ರ ಕಲಿಯಲಿಲ್ಲ. ಗೇಣೆತ್ತರದಿಂದ ಗಟಗಟನೆ ಒಂದೇ ಧಾರೆಯಲ್ಲಿ ಇಳಿಸುವುದೇ ನಮ್ಮ ಮನೆಯ ಪದ್ಧತಿ. ಶಾಲೆಯ ಬೇವಿನ ಮರದ ಕೆಳಗಿನ ನಲ್ಲಿಯ ಹತ್ತಿರ ಗೆಳತಿ ರೇಚೆಲ್ ಇದನ್ನು ಕಂಡು ನಗುತ್ತಿದ್ದಳು. ರೈಲ್ವೆಯಲ್ಲಿದ್ದ ಅಪ್ಪನ ಜೊತೆ ವಿಜಯಪುರಕ್ಕೆ ಬಂದ ಯಹೂದಿ ಹುಡುಗಿ. "ಬಟ್ಟಲ ಒಂದ ಸಲಕ್ಕ ಖಾಲಿ ಮಾಡಾವ್ರು ಹೊಟ್ಟಿಬಾಕರು ಅಂತ ನಮ್ಮ ಹಳೀ ಗುರುಗಳು ಬರದಿಟ್ಟಾರ. ಎರಡ ಸಲಕ್ಕ ಕುಡದ್ರ ಮರ್ಯಾದಿ, ಮೂರಾದ್ರ ಸೊಕ್ಕು!" ಎನ್ನುತ್ತಿದ್ದಳು.

ಈಗ ಪುಣೆಯಲ್ಲಿರುವ ಅವಳು ಹೋದ ಚಳಿಗಾಲದಲ್ಲಿ ಶುಕ್ರವಾರ ಸಂಜೆ ಊಟಕ್ಕೆ ಬರುತ್ತೇನೆಂದಳು. ಪ್ರತಿ ಶುಕ್ರವಾರ ಸಂಜೆ ಅವರಲ್ಲಿ ದ್ರಾಕ್ಷಾರಸದ ಬಟ್ಟಲ ಮೇಲೆ ಪ್ರಾರ್ಥನೆ ಹೇಳಿ, ಅದರಿಂದಲೇ ಎಲ್ಲರೂ ಗುಟುಕರಿಸುವುದು ರೂಢಿ. ಆದರೆ ನಮ್ಮ ಅತ್ತೆಯವರಿಗೆ ಎಂಜಲೆಂದರೆ ಆಗದು. ಇಷ್ಟು ವರ್ಷಕ್ಕೆ ಬರುವ ಗೆಳತಿ ಮುಖ ಸಣ್ಣದು ಮಾಡಿಕೊಂಡು ಹೋದರೆ?

"ವೈನ? ನಮ್ಮ ಮನ್ಯಾಗ? ನಿನ್ನ ಗಂಡ ಕೇಳಿದ್ರ ಕುಣದಾಡ್ತಾನ, ಸುಮ್ಮನಿರ ಯವ್ವಾ!" ಎಂದರು ಅತ್ತೆ.

ಫೋನಿನಲ್ಲಿ ರೇಚೆಲ್ ನಕ್ಕಳು. ಒಣದ್ರಾಕ್ಷಿ ನೆನೆಸಿ ಹಿಂಡಿದ ರಸವೂ ನಡೆಯುತ್ತದಂತೆ; ಆ ಗುರುಗಳೂ ವೈನಿಗೆ ಧಾರಾಳ ನೀರು ಬೆರೆಸುತ್ತಿದ್ದರಂತೆ. ಅತ್ತೆಯ ತವರು ತಿಕೋಟಾ, ದ್ರಾಕ್ಷಿ ತೋಟದ ಮನೆ. "ಒಣದ್ರಾಕ್ಷಿ ಅಂತ ಮೊದಲ ಹೇಳಬಾರದೇನ?" ಎನ್ನುತ್ತ ಡಬ್ಬಿ ಇಳಿಸಿದರು. ಪೂಜೆಯ ಬೆಳ್ಳಿ ಬಟ್ಟಲೂ ಹೊರಬಂತು.

ಆ ಶುಕ್ರವಾರ ಊಟಕ್ಕೆ ಕೂತಾಗ ರೇಚೆಲ್ ಕಣ್ಣು ಮುಚ್ಚಿ ಪ್ರಾರ್ಥಿಸಿ, ಒಂದು ಗುಟುಕು ಕುಡಿದು, ಬಟ್ಟಲನ್ನು ಅತ್ತೆಯ ಕಡೆ ಚಾಚಿದಳು. "ಎತ್ತಿ ಕುಡದ್ರೂ ನಡೀತೈತ್ರಿ, ಅತ್ತೀ," ಎಂದಳು ಮೆಲ್ಲಗೆ. ಅತ್ತೆ ಬಟ್ಟಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ದೇವರ ಹೆಸರ ಹೇಳಿ ಕೊಟ್ಟೀದಿ. ಪ್ರಸಾದಕ್ಕ ಎಲ್ಲೀ ಎಂಜಲ ಯವ್ವಾ?"

ತುಟಿಗೆ ಹಚ್ಚಿ, ಸರಿಯಾಗಿ ಎರಡು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು. ರೇಚೆಲ್‌ಳ ಕಣ್ಣು ಒದ್ದೆಯಾಯಿತು. ನನ್ನ ಸರದಿ. ಕೈ ತಾನಾಗಿ ಗೇಣೆತ್ತರ ಮೇಲೆದ್ದಿತು. ಉಳಿದದ್ದೆಲ್ಲ ಒಂದೇ ಧಾರೆ. ಅರ್ಧ ಬಾಯಿಗೆ, ಅರ್ಧ ಇಳಕಲ್ ಸೀರೆಗೆ.

"ಹೊಟ್ಟಿಬಾಕಿ!" ಎಂದು ಕಿರುಚಿದಳು ರೇಚೆಲ್, ನಲ್ಲಿಯ ಹತ್ತಿರ ನಿಂತ ಹುಡುಗಿಯ ಹಾಗೆಯೇ.

"ಮ್ಯಾಲ ಕಾನ್ವೆಂಟ್ ಬ್ಯಾರೆ ಕಲತಾಳ!" ಅತ್ತೆ ಸೇರಿಸಿದರು.

ಈಗ ಶುಕ್ರವಾರ ಬಂತೆಂದರೆ ಅತ್ತೆ ಒಣದ್ರಾಕ್ಷಿ ನೆನೆಸಿ, ನನ್ನ ಕೈಗೆ ಬಟ್ಟಲು ಕೊಟ್ಟು ಎದುರಿಗೇ ಕೂರುತ್ತಾರೆ. ಎರಡು ಗುಟುಕಿನ ಮರ್ಯಾದೆ ಕಲಿಯುತ್ತಿದ್ದೇನೆ. ಸೀರೆ ಮಾತ್ರ ಹಳೆಯದನ್ನೇ ಉಟ್ಟುಕೊಳ್ಳುತ್ತೇನೆ.