ಮುಖ ಬೇರೆ, ಬೆನ್ನು ಬೇರೆ

"ಈ ಭಾನುವಾರದೊಳಗೆ ಇವಳು ಸರಾಗವಾಗಿ ಓದದಿದ್ರೆ ನನ್ನ ಹೆಸರು ಬದಲಾಯಿಸು!" ಎಂದು ಬೈಂಡರ್ ಎದೆ ತಟ್ಟಿಕೊಂಡ.

"ಹೆಸರು ಹಾಗೇ ಇರಲಿ, ಬುದ್ಧಿ ಬದಲಾದ್ರೆ ಸಾಕು" ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

ಊರವರ ಹರಿದ ಪುಸ್ತಕಗಳಿಗೆಲ್ಲ ರಟ್ಟು ತೊಡಿಸಿ ನೆಟ್ಟಗೆ ನಿಲ್ಲಿಸುವವನು ಬೈಂಡರ್. ಅವನ ಮಗಳಿಗೋ ಪುಸ್ತಕ ಕಂಡರೆ ಆಗದು! ಅಕ್ಷರವೇನೋ ಗೊತ್ತು. ಆದರೆ ಸಾಲಿನಲ್ಲಿ ಎರಡು ಪದ ಓದುತ್ತಾಳೆ, ಉಳಿದದ್ದನ್ನು ಊಹಿಸಿ ಮುಗಿಸುತ್ತಾಳೆ. ಸೋಮವಾರ ಒಂದು ಪುಟವನ್ನು ತಾನೇ ಓದದಿದ್ದರೆ ಕೆಳಗಿನ ತರಗತಿಗೆ ಕಳಿಸುತ್ತೇವೆ ಎಂದು ಟೀಚರ್ ಹೇಳಿಬಿಟ್ಟಿದ್ದರು. ಅಲ್ಲಿ ಮೆಣಸಿನಕಾಯಿ ಇರುವುದಿಲ್ಲ. ಎಲ್ಲರೂ ಹಾಗೆ ಕರೆಯುವ, ಮಹಡಿಮನೆಯ ಆ ಖಾರ ಬಾಯಿಯ ಹುಡುಗಿ ಇವಳ ಜೀವದ ಗೆಳತಿ, ಬೆಂಚಿನಲ್ಲಿ ಪಕ್ಕದವಳು. ಅಂದಿನಿಂದ ಮಗಳಿಗೆ ಬೆಳಗಾದರೆ ಹೊಟ್ಟೆನೋವು.

ಗೆಳತಿಯರಿಬ್ಬರ ಪ್ರಾಣವಿದ್ದದ್ದು ಫುಟ್‌ಬಾಲ್ ಕಾರ್ಡುಗಳಲ್ಲಿ. ಮುಂದೆ ಆಟಗಾರನ ಚಿತ್ರ ಮಾತ್ರ. ಹಿಂದೆ ಅವನ ಹೆಸರು, ಮೂರು ಸಾಲು ಪ್ರತಾಪ. ಬೈಂಡರನಿಗೆ ಜ್ಞಾನೋದಯವಾಯಿತು. ಪ್ರಾಣವಿದ್ದಲ್ಲೇ ಪಾಠ!

"ಓದು ಪುಟ್ಟಿ, ಈ ಉದ್ದ ಕೂದಲಿನವನದು."

ಮಗಳು ಪಟಪಟ ಒಪ್ಪಿಸಿದಳು. ಇನ್ನೊಂದು ಕೊಟ್ಟ, ಅದೂ ಪಟಪಟ! ಬೈಂಡರ್ ಮೀಸೆ ತಿರುವಿದ.

"ನೋಡಿದ್ಯೇನೇ ನನ್ನ ವಿಧಾನ?"

"ನೋಡ್ದೆ. ಅವಳು ಕಾರ್ಡು ತಿರುಗಿಸಲೇ ಇಲ್ಲ. ಬೆನ್ನಲ್ಲಿರೋದನ್ನ ಮುಖ ನೋಡಿ ಓದೋ ವಿದ್ಯೆ ಎಲ್ಲಿಂದ ಬಂತು?"

ಮೆಣಸಿನಕಾಯಿ ಓದಿ ಹೇಳಿದ್ದನ್ನೆಲ್ಲ ಮಗಳು ಬಾಯಿಪಾಠ ಮಾಡಿದ್ದಳು! ಮುಖ ಕಂಡರೆ ಸಾಕು, ಬೆನ್ನು ತಾನಾಗಿ ಬಾಯಿಗೆ ಬರುತ್ತಿತ್ತು.

ಹಾಗಾದರೆ ಮುಖವೇ ಕಾಣದಿದ್ದರೆ? ಬೇರೆಯವರಾಗಿದ್ದರೆ ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿ ಸುಮ್ಮನಾಗುತ್ತಿದ್ದರು. ಇವನು ಬೈಂಡರ್! ಕಾಗದಕ್ಕೆ ಕಾಗದ ಅಂಟಿಸಿದ ಅಗ್ಗದ ಕಾರ್ಡು ಎಂಬುದು ಬೆರಳಿಗೇ ಗೊತ್ತಾಯಿತು. ಭಾನುವಾರ ಮಧ್ಯಾಹ್ನ ಮಗಳು ಆಡಲು ಹೋದದ್ದೇ ತಡ, ತಟ್ಟೆಯಲ್ಲಿ ಬೆಚ್ಚನೆ ನೀರು ಸುರಿದು ಇಡೀ ತಂಡಕ್ಕೆ ಸ್ನಾನ ಮಾಡಿಸಿದ. ಮುಖಗಳನ್ನು ಸುಲಿದು ಈ ಕಡೆ ಹರವಿದ, ಬೆನ್ನುಗಳನ್ನು ಆ ಕಡೆ. ಬೆನ್ನು ಓದಿ ಮುಖ ಹುಡುಕು ಮಗಳೇ! ಮಕ್ಕಳ ಉದ್ಧಾರಕ್ಕೆ ಹೊರಟ ಅಪ್ಪನೂ ಒಂದು ಸರ್ಕಾರವೇ. ಕೇಳುವುದಿಲ್ಲ, ಮಾಡಿಬಿಡುತ್ತದೆ, ಆಮೇಲೆ ನಿಮ್ಮ ಒಳ್ಳೆಯದಕ್ಕೇ ಅನ್ನುತ್ತದೆ.

ಮಗಳು ಬಂದಳು. ನೋಡಿದಳು. ಅವಳ ಕಿರುಚಾಟಕ್ಕೆ ಹೊಲಿಗೆ ಯಂತ್ರ ನಿಂತಿತು.

"ಅಪ್ಪಾ! ಇದರಲ್ಲಿ ಅರ್ಧ ಅವಳದು! ಸಂಜೆ ತಗೊಂಡು ಹೋಗೋಕೆ ಬರ್ತಾಳೆ!"

ಬೈಂಡರನ ಮೀಸೆ ಇಳಿಯಿತು. "ಅಂಟಿಸಿಬಿಡೋಣ, ಅದೇನು ಮಹಾ" ಎಂದು ಅಂಟಿನ ಡಬ್ಬಿ ತೆಗೆದ. ಆದರೆ ಯಾವ ಬೆನ್ನು ಯಾರದು? ಹೆಸರು ಬೆನ್ನಲ್ಲಿದೆ, ಅವನಿಗೆ ಮುಖ ಗೊತ್ತಿಲ್ಲ. ಗಾಬರಿಯಲ್ಲಿ ಅಲ್ಲೊಂದು ಇಲ್ಲೊಂದು ಪದ ನೋಡಿ, ಬಾಕಿ ಊಹಿಸಿ, ಟಪಟಪ ಅಂಟಿಸತೊಡಗಿದ.

ಹೆಂಡತಿ ಒಂದನ್ನೆತ್ತಿ ನೋಡಿದಳು. "ಏನ್ರೀ, ಈ ಬಿಳಿ ಗಡ್ಡದವನು ತಂಡದ ಅತಿ ಕಿರಿಯ ಆಟಗಾರನಂತೆ! ಪಾಪ, ಯಾವ ಚಿಂತೆಗೆ ಹೀಗಾದ್ನೋ!"

ಮಗಳು ಇನ್ನೊಂದನ್ನು ಕಿತ್ತುಕೊಂಡಳು. ಬೆರಳಿಟ್ಟು, ತಡವರಿಸುತ್ತ ಓದಿದಳು. "'ಗೋಲ್ ಹೊಡೆಯಲು ಬಂದವರನ್ನು... ಬರಿಗೈಯಲ್ಲಿ... ಕಳಿಸುವ ಬಂಡೆ.' ಅಪ್ಪಾ, ಇವನು ಗೋಲ್‌ಕೀಪರ್! ಹೊಡೆಯೋನ ಮುಖಕ್ಕೆ ಯಾಕೆ ಅಂಟಿಸಿದೆ?"

"ಗೋಲ್ ಹೊಡೆಯಲು ಅಂತಿತ್ತಲ್ಲ ಪುಟ್ಟಿ..."

"ಅಲ್ಲಿಗೇ ನಿಲ್ಲಿಸಿಬಿಟ್ಯಾ? ಮುಟ್ಟಬೇಡ ನೀನು. ಅಂಟು ಮಾತ್ರ ಹಚ್ಚು!"

ಹಸಿ ಅಂಟಿನಲ್ಲಿದ್ದವನ್ನು ಬಿಡಿಸಿ ಮಗಳು ಚಕ್ಕಳಮಕ್ಕಳ ಹಾಕಿ ಕೂತಳು. ಬಾಯಿಪಾಠ ನಡೆಯುವಂತಿರಲಿಲ್ಲ, ಕೈಗೆ ಬರುತ್ತಿದ್ದದ್ದು ಬರೀ ಬೆನ್ನು. ಒಂದೊಂದು ಪದವನ್ನೂ ಗುದ್ದಾಡಿ ಕೊನೆಯವರೆಗೆ ಓದಿದಳು. ತಪ್ಪಿದರೆ ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಓದಿ, ಮುಖ ಹುಡುಕಿ, ಅಪ್ಪನತ್ತ ಚಾಚಿದಳು. ಅವನು ಬಾಯಿ ಮುಚ್ಚಿಕೊಂಡು ಅಂಟು ಹಚ್ಚಿದ. ಕಲಿಸುವ ಹುಮ್ಮಸ್ಸಿನಲ್ಲಿ ಅವನು ಹಿಂದೆಂದೂ ಹೀಗೆ ಸುಮ್ಮನೆ ಅವಳ ಪಕ್ಕದಲ್ಲಿ ಕೂತದ್ದೇ ಇರಲಿಲ್ಲ.

ಸಂಜೆಯ ಹೊತ್ತಿಗೆ ರಾಶಿ ಕರಗುತ್ತ ಬಂತು. ತಡವರಿಕೆಯೂ ಅಷ್ಟಿಷ್ಟು ಕರಗಿತ್ತು. ತಡೆಯಲಾರದೆ ಬೈಂಡರ್ ಹೆಂಡತಿಯ ಕಿವಿಯಲ್ಲಿ, "ಹೆಂಗೆ ನನ್ನ ವಿಧಾನ?" ಎಂದ.

"ಶ್! ಅವಳಿಗೆ ಕೇಳಿಸಿದ್ರೆ ನಿಲ್ಲಿಸಿಬಿಡ್ತಾಳೆ."

ಅಷ್ಟರಲ್ಲಿ ಮೆಣಸಿನಕಾಯಿ ಧಡಾರನೆ ಒಳಗೆ ಬಂದಳು. ಒಂದು ಕಾರ್ಡು ಎತ್ತಿ ಹಿಂದೆ ಮುಂದೆ ನೋಡಿದಳು.

"ಏನೇ ಇದು! ಒದ್ದೆ ಚಪ್ಪಲಿ ಥರ ಊದ್ಕೊಂಡಿದೆ! ಯಾರು ಮಾಡಿದ್ದು?"

ಬೈಂಡರ್ ಅಂಟಿನ ಡಬ್ಬಿಯೊಳಗೆ ಇಣುಕಿದ.

ಮಗಳು ಬೆರಳಿಟ್ಟ ಸಾಲನ್ನು ಪೂರ್ತಿ ಓದಿ ಮುಗಿಸಿ, ಆಮೇಲೆ ತಲೆಯೆತ್ತಿದಳು.

"ಬೈಬೇಡ್ವೇ ನಮ್ಮಪ್ಪಂಗೆ. ಓದೋಕೇನೋ ಬರುತ್ತೆ, ಕೊನೇತನಕ ಓದೋ ತಾಳ್ಮೆ ಇಲ್ಲ. ಕೂರಿಸ್ಕೊಂಡು ಹೇಳಿಕೊಡ್ತಾ ಇದೀನಿ."