ಹಳದಿ ಎರಡು ಇಳಸು

ನಮ್ಮ ಮಾಲಕರಿಗೆ ಒಂದು ಅಭ್ಯಾಸವಿದೆ. ಪ್ರಿಂಟರಿನಿಂದ ಫೋಟೊ ಹೊರಗೆ ಬಿದ್ದ ಕೂಡಲೇ ಅದನ್ನು ಎರಡು ಬೆರಳಲ್ಲಿ ಹಿಡಿದು, ಅಂಗಡಿಯ ಮೆಟ್ಟಿಲಿಳಿದು ಬಿಸಿಲಿಗೆ ಹೋಗುತ್ತಾರೆ. ಎಡಗಣ್ಣು ಗಟ್ಟಿಯಾಗಿ ಮುಚ್ಚುತ್ತಾರೆ. ಬಲಗಣ್ಣಿನಿಂದ ಫೋಟೊವನ್ನು ಹತ್ತಿರ ಹಿಡಿದು, ದೂರ ಹಿಡಿದು, ಓರೆ ಮಾಡಿ ನೋಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ಯಾವ ಬಣ್ಣ ಎಷ್ಟು ಅಂಕೆ ಕಡಿಮೆ ಮಾಡಬೇಕೆಂದು ರಸ್ತೆಯಿಂದಲೇ ನನಗೆ ಕೂಗುತ್ತಾರೆ: “ಹಳದಿ ಎರಡು ಇಳಸವಾ!”

ಮೂವತ್ತು ವರ್ಷ ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಹಚ್ಚಿ ದುಡಿದವರು. ಎಡಗಣ್ಣಿಗೆ ಅವರು ಕೆಲಸವನ್ನೇ ಕೊಟ್ಟಿಲ್ಲ.

ರೋಣದ ಬಸ್ ಸ್ಟ್ಯಾಂಡಿನ ಎದುರಿಗಿರುವ ಈ ಫೋಟೊ ಅಂಗಡಿಯಲ್ಲಿ ನಾವಿಬ್ಬರೇ. ಮಾಲಕರು ಕೌಂಟರಿನಲ್ಲಿ, ನಾನು ಒಳಗೆ ಕಂಪ್ಯೂಟರಿನ ಮುಂದೆ. ನಾನು ಗಜೇಂದ್ರಗಡದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕಲಿತವಳು. ಇಂಗ್ಲಿಷಿನಲ್ಲೂ ಕಡಿಮೆ ಮಾತಾಡುತ್ತೇನೆ, ಕನ್ನಡದಲ್ಲೂ ಕಡಿಮೆ ಮಾತಾಡುತ್ತೇನೆ. ಕಂಪ್ಯೂಟರಿನ ಕುರ್ಚಿ ಗೋಡೆಗೆ ಮುಖ ಮಾಡಿದೆ, ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಲೋಕದಲ್ಲಿ ನನಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೂ ಸಿಕ್ಕಿಲ್ಲ.

ಈ ಸಲ ಲಗ್ನದ ಸೀಜನ್ನಿಗೆ ಮೊದಲು ಸ್ಕ್ರೀನಿನ ಬಣ್ಣ ಅಳೆಯುವ ಪುಟ್ಟ ಯಂತ್ರವೊಂದನ್ನು ತರಿಸಿ, ಸ್ಕ್ರೀನು, ಪ್ರಿಂಟರು, ಕಾಗದ ಮೂರನ್ನೂ ಹೊಂದಿಸಿಟ್ಟೆ. ಸ್ಕ್ರೀನಿನಲ್ಲಿ ಕಂಡದ್ದೇ ಕಾಗದಕ್ಕೂ ಇಳಿಯತೊಡಗಿತು. ಮಾಲಕರು ಒಪ್ಪಲಿಲ್ಲ.

“ಸೂರ್ಯಗಿಂತ ದೊಡ್ಡ ಮಷಿನ್ ಐತೇನವಾ? ಬಿಸಿಲಾಗ ನಾ ನೋಡಿದ್ದs ಖರೇ ಬಣ್ಣ. ಒಂದು ಮಾತು ಹೇಳ್ತೀನಿ. ಗಿರಾಕಿ ವಾಪಸ್ ತಂದ ಫೋಟೊ ಗ್ವಾಡಿ ಮ್ಯಾಲಿನ ಈ ಮೊಳಿಗೆ ಚುಚ್ಚತೀನಿ. ನಾಕು ಆದ್ವು ಅಂದ್ರ ನೀ ಕೌಂಟರಿಗೆ, ನಾ ಕಂಪ್ಯೂಟರಿಗೆ.”

ನಾನು ಮೊಳೆ ನೋಡಿದೆ, ಕೌಂಟರು ನೋಡಿದೆ. ಕೌಂಟರಿನ ಮುಂದೆ ಏಳು ಜನ ಒಟ್ಟಿಗೇ ಮಾತಾಡುತ್ತಿದ್ದರು. ಅಲ್ಲಿಂದ ಶುರುವಾದದ್ದು ನೋಡಿ, ವಾರಕ್ಕೊಂದರಂತೆ ಏನಾದರೂ ಆಗುತ್ತಲೇ ಹೋಯಿತು.

ಅರಿಷಿಣ ಎಲ್ಲಿ ಹೋತು?

ನರಗುಂದದ ಒಂದು ಮನೆಯ ಲಗ್ನ. ಅರಿಷಿಣ ಹಚ್ಚುವ ಶಾಸ್ತ್ರದ ಫೋಟೊಗಳು ಒಂದಕ್ಕಿಂತ ಒಂದು ಚೆಂದ. ಮದುಮಗಳು ಅಡಿಯಿಂದ ಮುಡಿಯವರೆಗೆ ಹಳದಿ. ಮಾಲಕರು ಬಿಸಿಲಿಗೆ ಒಯ್ದರು, ಎಡಗಣ್ಣು ಮುಚ್ಚಿದರು.

“ಹಳದಿ ಭಾಳ ಆತು. ಎರಡು ಇಳಸು. ಅಲ್ಲಲ್ಲ, ಈ ಸಲ ನಾಕು ಇಳಸು.”

“ಸರ್, ಅದು ಅರಿಷಿಣ…” ಅಂದೆ. ನನ್ನ ದನಿ ಪ್ರಿಂಟರಿನ ಸದ್ದಿನಲ್ಲಿ ಮುಳುಗಿತು. ಇಳಿಸಿದೆ.

ಮೂರನೆಯ ದಿನ ಮದುಮಗಳ ಸೋದರತ್ತಿ ಬಂದರು. “ಇಡೀ ಓಣಿ ಕೂಡಿ ಹುಡುಗಿಗೆ ಅರಿಷಿಣ ಹಚ್ಚೇವ್ರಿ. ಫೋಟೊದಾಗ ನೋಡಿದ್ರ ಮಜ್ಜಿಗಿ ಹಚ್ಚಿದಂಗ ಐತಿ! ಬೀಗರು ನೋಡಿದ್ರ ಏನಂದಾರು? ಅರಿಷಿಣಕ್ಕೂ ಜುಗ್ಗತನ ಮಾಡ್ಯಾರ ಅಂದಾರು.”

“ಅದು ಮಷಿನ್ ತಪ್ಪ್ರಿ,” ಎಂದು ಮಾಲಕರು ನನ್ನ ಯಂತ್ರದ ಕಡೆ ಬೆರಳು ಮಾಡಿದರು.

ಅತ್ತಿಯವರು ಸೆರಗಿನ ಗಂಟು ಬಿಚ್ಚಿದರು. ಒಳಗೆ ಒಂದು ಚಿಟಿಕೆ ಅರಿಷಿಣ ಇತ್ತು, ಮನೆಯಿಂದಲೇ ಮಾದರಿ ತಂದಿದ್ದರು. ಬೆರಳಿಗೆ ಉಗುಳು ಹಚ್ಚಿ, ಅರಿಷಿಣದಲ್ಲಿ ಅದ್ದಿ, ಫೋಟೊದಲ್ಲಿದ್ದ ಮದುಮಗಳ ಒಂದು ಗಲ್ಲಕ್ಕೆ ತಿಕ್ಕಿದರು. “ಇಷ್ಟು ಬೇಕು ನೋಡ್ರಿ. ಇದಕ್ಕ ಹೊಂದಿಸಿ ಕೊಡ್ರಿ.”

ಮಾಲಕರು ಆ ಫೋಟೊ ಹಿಡಿದು ಬಿಸಿಲಿಗೆ ಹೋದರು. ಎಡಗಣ್ಣು ಮುಚ್ಚಿ ಗಲ್ಲವನ್ನೇ ನೋಡಿದರು. ಅಭ್ಯಾಸಬಲ, ಬಾಯಿ ತಪ್ಪಿ ಬಂದೇಬಿಟ್ಟಿತು: “ಹಳದಿ ಎರಡು ಇಳಸವಾ!”

ಮೊಳೆಗೆ ಮೊದಲನೆಯ ಫೋಟೊ ಬಿತ್ತು.

ಎತ್ತಿನ ಬಣ್ಣ

ಅಬ್ಬಿಗೇರಿಯ ರೈತರೊಬ್ಬರು ತಮ್ಮ ಎತ್ತಿನ ಫೋಟೊ ದೊಡ್ಡದು ಮಾಡಿಸಿ ಒಯ್ದಿದ್ದರು. ಹಾಲಿನಂಥ ಬಿಳಿ ಎತ್ತು. ಮರುದಿನವೇ ವಾಪಸ್ ಬಂದರು.

“ಮಾಲಕ್ರ, ನಮ್ಮ ಎತ್ತಿಗೆ ನೀಲಿ ಯಾರು ಹಾಕಿದ್ರು? ಧೋತರಕ್ಕ ನೀಲಿ ಜಾಸ್ತಿ ಬಿದ್ದಂಗ ಆಗೇತಿ.”

“ಬಿಳಿ ಅಂದ್ರ ಹಂಗ ಇರತೈತ್ರಿ.”

“ಹಂಗಿರಂಗಿಲ್ಲ. ನಿಮಗ ನೆಪ್ಪಿಲ್ಲದಿದ್ರ ಎತ್ತನ್ನ ತರ್ತೀನಿ, ನೋಡಿ ಬಣ್ಣಾ ಕೊಡ್ರಿ.”

ನಾವು ಮಾತಿಗೆ ಅಂದರು ಅಂದುಕೊಂಡೆವು. ಸಂತೆಯ ದಿನ ಹತ್ತು ಗಂಟೆಗೆ ಮೆಟ್ಟಿಲ ಮುಂದೆ ಗೆಜ್ಜೆ ಸದ್ದು. ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಫೋಟೊ. ಬಸ್ಸಿಗೆ ನಿಂತ ಮಂದಿಯೆಲ್ಲ ಈ ಕಡೆ ಬಂದರು.

ಮಾಲಕರು ಇಳಿದು ಹೋಗಿ ಎಡಗಣ್ಣು ಮುಚ್ಚಿದರು. ಎತ್ತನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ಅದನ್ನು ಓರೆ ಮಾಡಲು ಮಾತ್ರ ಆಗಲಿಲ್ಲ. ಕೊನೆಗೆ ಅಂದರು: “ಸಿಟ್ಟಾಗಬ್ಯಾಡ್ರಿ ಯಜಮಾನ್ರ. ನಿಮ್ಮ ಎತ್ತs ಒಂದೀಟು ಹಳದಿ ಐತಿ.”

“ನಿಮ್ಮ ಮಾರಿ ಹಳದಿ ಐತಿ!” ರೈತರು ಕೆರಳಿದರು. “ಮುಂಜಾನೆ ಎದ್ದು ಮೈ ತೊಳದು ಹೊಡಕೊಂಡು ಬಂದೀನಿ. ನೋಡ್ರಿ, ಬಾಜೂಕ ಹಿಡದು ನೋಡ್ರಿ!” ಎಂದು ಫೋಟೊವನ್ನು ಎತ್ತಿನ ಮೂತಿಯ ಪಕ್ಕದಲ್ಲಿ ಹಿಡಿದರು.

ಎತ್ತು ನಾಲಿಗೆ ಚಾಚಿ ಫೋಟೊವನ್ನು ಒಳಗೆಳೆದುಕೊಂಡಿತು. ಮೊದಲು ತನ್ನ ಕೋಡು ತಿಂದಿತು, ಆಮೇಲೆ ತನ್ನ ಬೆನ್ನ ಮೇಲಿನ ಹಿಣಿಲು, ಕೊನೆಗೆ ಬಾಲ.

ಮಾಲಕರು ಖಾಲಿ ಕೈಯಲ್ಲಿ ಒಳಗೆ ಬಂದು ಮೊಳೆಯ ಮುಂದೆ ನಿಂತರು. ಚುಚ್ಚಲಿಕ್ಕೆ ಫೋಟೊ ಇರಲಿಲ್ಲ. “ಇದು ವಾಪಸ್ ಬಂದಂಗ ಆಗಲಿಲ್ಲ,” ಎಂದು ತಾವೇ ತೀರ್ಪು ಕೊಟ್ಟರು. ಆ ಎತ್ತು ಇವತ್ತಿಗೂ ರಸ್ತೆಯಲ್ಲಿ ಕಂಡರೆ ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬಿಳಿ ಅಂಗಿಯವರು ಎದ್ದು ನಿಲ್ರಿ

ಒಂದು ಶಾಲೆಯ ಎಂಟನೇ ಇಯತ್ತೆಯ ಗುರುತಿನ ಚೀಟಿಯ ಫೋಟೊಗಳು. ಆ ಶಾಲೆಯ ಮಕ್ಕಳಿಗೆ ತಿಳಿಹಳದಿ ಅಂಗಿ. ಅರ್ಧದಷ್ಟು ಫೋಟೊ ಪ್ರಿಂಟ್ ಮಾಡುವ ದಿನ ಮಾಲಕರು ಲಗ್ನದ ಕೆಲಸಕ್ಕೆ ಗಜೇಂದ್ರಗಡಕ್ಕೆ ಹೋಗಿದ್ದರು. ಬಿಸಿಲ ಪರೀಕ್ಷೆ ಇಲ್ಲ, ಎಲ್ಲ ಅಂಗಿ ಹಳದಿಯಾಗಿಯೇ ಬಂದವು. ಇನ್ನರ್ಧಕ್ಕೆ ಅವರು ವಾಪಸ್ ಬಂದಿದ್ದರು. ಎರಡು ಇಳಿಸಿದೆವು.

ಹೆಡ್ ಮಾಸ್ತರರು ಫೋಟೊಗಳನ್ನು ಮೇಜಿನ ಮೇಲೆ ಹರಡಿ ನೋಡಿದರು. ಅರ್ಧ ಮಕ್ಕಳು ಹಳದಿ ಅಂಗಿ, ಅರ್ಧ ಮಕ್ಕಳು ಬಿಳಿ ಅಂಗಿ. ಅವನ್ನೆಲ್ಲ ಒಯ್ದು ತರಗತಿಯ ಮೇಜಿನ ಮೇಲಿಟ್ಟು, ಬಿಳಿ ಅಂಗಿಯವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದರು.

“ಫೋಟೊ ದಿನ ಯೂನಿಫಾರ್ಮ್ ಯಾಕ ಹಾಕ್ಕೊಂಡು ಬರಲಿಲ್ಲ?”

“ಹಾಕ್ಕೊಂಡs ಬಂದಿದ್ವಿರಿ ಸರ್!”

“ಫೋಟೊ ಸುಳ್ಳು ಹೇಳ್ತೈತೇನು?”

‘ಇನ್ನು ಮುಂದೆ ಸಮವಸ್ತ್ರದಲ್ಲಿ ಬರುತ್ತೇನೆ’ ಎಂದು ಐವತ್ತು ಸಲ ಬರೆಯಲು ಹಚ್ಚಿದರು. ಮಕ್ಕಳು ಬರೆಯುತ್ತಿರುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜಿನ ಮೇಲಿನ ಕೊನೆಯ ಫೋಟೊ ನೋಡಿದಳು. ಅದು ಹೆಡ್ ಮಾಸ್ತರರದೇ.

“ಸರ್, ನೀವೂ ಬಿಳಿ ಅಂಗಿ ಹಾಕ್ಕೊಂಡು ಬಂದಿದ್ರಿ?”

ಆ ದಿನ ಅವರು ಹಾಕಿದ್ದು ಹೆಂಡತಿ ಹೊಸದಾಗಿ ಹೊಲಿಸಿಕೊಟ್ಟ ನಿಂಬೆಹಳದಿ ಅಂಗಿ. ಮಾಸ್ತರರು ತಮ್ಮ ಫೋಟೊ ಹಿಡಿದು ಸೀದಾ ನಮ್ಮ ಅಂಗಡಿಗೆ ಬಂದರು. ಮೊಳೆಗೆ ಎರಡನೆಯದಾಗಿ ಹೆಡ್ ಮಾಸ್ತರರೇ ಏರಿದರು. ಹೋಗುವಾಗ ಅವರು ಮಾಲಕರಿಗೆ ಹೇಳಿದ್ದು ಒಂದೇ ಮಾತು: “ನೀವೂ ಐವತ್ತು ಸಲ ಬರೀಬೇಕ್ರಿ.”

ಐದು ಜಂಪರು

ನಮ್ಮ ಪಕ್ಕದ ಅಂಗಡಿ ಮ್ಯಾಚಿಂಗ್ ಸೆಂಟರ್. ಸೀರೆಗೆ ಹೊಂದುವ ಜಂಪರಿನ ಬಟ್ಟೆ ಕೊಡುವ ಚಾಚಾರದು. ಬಣ್ಣದ ವಿಷಯದಲ್ಲಿ ಅವರ ಕಣ್ಣು ನನ್ನ ಯಂತ್ರಕ್ಕಿಂತ ಚುರುಕು. ನನಗೆ ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಒಂದೇ ಹಸಿರು. ಗಿಣಿಹಸಿರು, ನೀಲಿ ಬೆರೆತ ರಾಮಾ ಹಸಿರು, ಮೆಹಂದಿ ಹಸಿರು ಎಂದು ಬೇರೆ ಮಾಡಲು ಕಲಿಸಿದವರು ಅವರು.

ಗಜೇಂದ್ರಗಡದ ಒಬ್ಬ ಅಕ್ಕ ನಿಶ್ಚಯದ ಫೋಟೊ ತೆಗೆದುಕೊಂಡು ಚಾಚಾರ ಕಡೆ ಹೋಗಿದ್ದರು. ಫೋಟೊದಲ್ಲಿ ಮದುಮಗಳು ಉಟ್ಟ ಸೀರೆ ಬೀಗರ ಮನೆಯಲ್ಲಿತ್ತು, ಫೋಟೊ ಮಾತ್ರ ಕೈಯಲ್ಲಿ. ಲಗ್ನದ ದಿನ ಮದುಮಗಳಿಗೂ ನಾಲ್ಕು ಮಂದಿ ಅಕ್ಕತಂಗಿಯರಿಗೂ ಒಂದೇ ಬಣ್ಣದ ಜಂಪರು ಇರಬೇಕೆಂದು ಆಸೆ. ಫೋಟೊಗೆ ಹೊಂದಿಸಿ ಐದು ಜಂಪರು ಹೊಲಿಸಿದರು. ಆಮೇಲೆ ಸೀರೆ ಬಂತು.

ಅಕ್ಕ ಸೀರೆ, ಜಂಪರು, ಫೋಟೊ ಮೂರನ್ನೂ ಕೌಂಟರಿನ ಮೇಲೆ ಎಸೆದರು. “ಇದರಾಗ ತಪ್ಪು ಯಾವುದು, ಹೇಳ್ರಿ!”

ಮಾಲಕರು ಸೀರೆಯನ್ನು ಬಿಸಿಲಿಗೆ ಒಯ್ದರು. “ಸೀರಿಗೆ ಹಳದಿ ಜಾಸ್ತಿ ಐತಿ,” ಅಂದರು.

ಚಾಚಾ ಹೊರಗೆ ಬಂದು ಒಂದೇ ನೋಟ ನೋಡಿದರು. “ಸೀರಿ ಗಿಣಿಹಸಿರು. ಫೋಟೊ ರಾಮಾ ಹಸಿರು. ನನ್ನ ಬಟ್ಟಿ ಫೋಟೊಕ್ಕ ನೂರಕ್ಕ ನೂರು ಹೊಂದೇತಿ. ಮಾಲಕ್ರ, ದೇವ್ರು ಎರಡು ಕಣ್ಣು ಕೊಟ್ಟಾನಲ್ಲ, ಒಂದು ಟ್ರಂಕಿನ್ಯಾಗ ಇಟ್ಟೀರೇನು?”

“ಫೋಟೊಗ್ರಾಫರಿಗೆ ಒಂದs ಸಾಕು ಚಾಚಾ,” ಎಂದು ಮಾಲಕರು ಮೂರನೆಯ ಫೋಟೊ ಮೊಳೆಗೆ ಚುಚ್ಚಿದರು. ನಾನು ಬೆರಳು ಮಡಿಚಿ ಎಣಿಸಿದೆ. ಇನ್ನೊಂದೇ.

“ಬ್ಯಾರೆ ಪ್ರಿಂಟ್ ಮಾಡಿ ಕೊಡ್ತೀವಿ ಅಕ್ಕಾರ,” ಅಂದರು ಮಾಲಕರು.

“ಪ್ರಿಂಟ್ ತಗೊಂಡು ಏನ್ ಮಾಡ್ಲಿ? ಐದು ಜಂಪರು ಬಿಚ್ಚಾಕ ಆಗೂದಿಲ್ಲ. ಲಗ್ನದ ಅಲ್ಬಮ್ಮೂ ನಿಮ್ಮದs ಅಲ್ಲೇನು? ಅದರಾಗ ಪ್ರತಿ ಫೋಟೊದಾಗ ಸೀರಿನ ರಾಮಾ ಹಸಿರು ಮಾಡ್ರಿ!”

ನಾನೂರು ಫೋಟೊ. ಮದುಮಗಳು ಎಲ್ಲದರಲ್ಲೂ ಇದ್ದಾಳೆ. ಊಟದ ಪಂಕ್ತಿಯಲ್ಲಿ ಕೂಡ.

ಯಾವ ಕಣ್ಣು ಖರೇ?

ನಾಲ್ಕನೆಯದನ್ನು ತಂದವರು ಇಟಗಿಯ ಒಬ್ಬ ಅಜ್ಜಿ. ತಿಂಗಳ ಹಿಂದೆ ಗೋಡೆಗೆ ಹಾಕಲಿಕ್ಕೆ ತಮ್ಮ ಫೋಟೊ ಮಾಡಿಸಿ, “ಥೇಟ್ ನಾನs ಇದ್ದಂಗ ಐತಿ” ಎಂದು ನನ್ನ ಗಲ್ಲ ಸವರಿ ಹೋಗಿದ್ದರು. ಈಗ ಕರೀ ಚಸ್ಮಾ ಹಾಕಿಕೊಂಡು, ಫೋಟೊ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು.

“ತಮ್ಮಾ, ಇದರ ಬಣ್ಣಾ ಬದಲಾಗೇತಿ. ನನ್ನ ಮಾರಿ ನೀಲಿ ಆಗೇತಿ.”

ಮಾಲಕರು ನನ್ನ ಕಡೆ ತಿರುಗಿದರು. ಮೊಳೆಯ ಕಡೆ ಕೈ ಚಾಚಿದರು. ನಾನು ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡೆ.

“ನಿಲ್ಲು, ನಿಲ್ಲು. ಪೂರಾ ಕೇಳು.” ಅಜ್ಜಿ ಚಸ್ಮಾ ತೆಗೆದರು. “ಮೊನ್ನೆ ಈ ಕಣ್ಣಿನ ಪೊರಿ ತಗಿಸೀನಿ. ಪೊರಿ ಇದ್ದ ಕಣ್ಣಿಲೆ ನೋಡಿದ್ರ ಫೋಟೊ ಚಲೋ ಐತಿ. ತಗಿಸಿದ ಕಣ್ಣಿಲೆ ನೋಡಿದ್ರ ನೀಲಿ ಐತಿ. ಇದರಾಗ ಯಾವ ಕಣ್ಣು ಖರೇ, ಅದನ್ನ ಹೇಳು.”

ಮಾಲಕರಿಗೆ ನಗು ಬಂತು. ಫೋಟೊ ಹಿಡಿದು ಬಿಸಿಲಿಗೆ ಇಳಿದರು. ಅಜ್ಜಿ ಹಿಂದೆಯೇ ಹೋದರು. ಮಾಲಕರು ಎಡಗಣ್ಣು ಮುಚ್ಚಿದರು. “ಚಲೋನ ಐತಿ ಅಜ್ಜಿ. ನೀಲಿ ಎಲ್ಲೈತಿ? ಇನ್ನೂ ಒಂದೀಟು ಹಳದಿ ಇಳಸಬೇಕಿತ್ತು.”

“ನನ್ನ ಪೊರಿ ಕಣ್ಣಿಗೂ ಹಂಗs ಕಾಣ್ತೈತಿ, ತಮ್ಮಾ.” ಅಜ್ಜಿ ಅವರ ಮುಖವನ್ನು ಹತ್ತಿರದಿಂದ ನೋಡಿದರು. “ಈ ಕಣ್ಣು ಮುಚ್ಚು. ಆ ಕಣ್ಣು ತಗಿ.”

ಮಾಲಕರು ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರು.

ರಸ್ತೆಯಲ್ಲಿ ಬಸ್ಸು ಬಂತು, ಹೋಯಿತು. ಮಾಲಕರು ಫೋಟೊದಲ್ಲಿ ಅಜ್ಜಿಯ ನೀಲಿ ಮುಖವನ್ನೇ ನೋಡುತ್ತಿದ್ದರು. ಆಮೇಲೆ ದಡಬಡ ಒಳಗೆ ಬಂದು, ಮೊಳೆಯಲ್ಲಿದ್ದ ಮೂರೂ ಫೋಟೊ ಕಿತ್ತುಕೊಂಡು ಮತ್ತೆ ಬಿಸಿಲಿಗೆ ಓಡಿದರು. ಎಡಗಣ್ಣು, ಬಲಗಣ್ಣು. ಮತ್ತೆ ಎಡ, ಮತ್ತೆ ಬಲ. ಎಡಗಣ್ಣಿಗೆ ಕಂಡದ್ದು ಮದುಮಗಳ ಒಂದು ಗಲ್ಲ ಅರಿಷಿಣ, ಇನ್ನೊಂದು ಗಲ್ಲ ಸುಣ್ಣ. ಹೆಡ್ ಮಾಸ್ತರರ ಅಂಗಿ ಬೆಳ್ಳಗೆ. ಸೀರೆ ರಾಮಾ ಹಸಿರು.

ಎದುರಿಗೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬರು ಚೀಲ ಕೆಳಗಿಟ್ಟು ರಸ್ತೆ ದಾಟಿ ಬಂದರು. “ಏನ್ರಿ ಹಿರೇರ, ಆಗಿಂದ ನೋಡಾಕತ್ತೀನಿ. ಯಾರಿಗೆ ಕಣ್ಣು ಹೊಡ್ಯಾಕತ್ತೀರಿ? ಮನ್ಯಾಗ ಹೆಣತಿ ಇಲ್ಲೇನು?”

ಚಾಚಾ ಓಡಿ ಬಂದರು. “ಇಲ್ಲವಾ ಇಲ್ಲ, ಅವ್ರು ಬಣ್ಣಾ ನೋಡಾಕತ್ತಾರ!”

“ನನ್ನ ಬಣ್ಣಾ ನೋಡಾಕ ಇವ್ರ್ಯಾರು?”

ಆಕೆಯನ್ನು ಸಮಾಧಾನ ಮಾಡಿ ಬಸ್ಸು ಹತ್ತಿಸಲು ಚಾಚಾ, ಅಜ್ಜಿ ಇಬ್ಬರೂ ಬೇಕಾಯಿತು. ಅಜ್ಜಿ ತಿರುಗಿ ಬಂದು ಮಾಲಕರ ಭುಜ ತಟ್ಟಿದರು. “ಮುಂದಿನ ತಿಂಗಳ ನನ್ನ ಇನ್ನೊಂದು ಕಣ್ಣಿನ ಪೊರಿ ತಗಸೂದೈತಿ. ನಿನ್ನ ಬಲಗಣ್ಣಿಂದೂ ತಗಸೂಣು, ಜೋಡೀಲೆ ಹೋಗೂಣು ಬಾ. ಅಂಜಬ್ಯಾಡ, ನಾ ಇರ್ತೀನಿ.”

ಎಲ್ಲರೂ ಹೋದ ಮೇಲೆ ಮಾಲಕರು ಕೌಂಟರಿನಲ್ಲಿ ಕೂತು, ಇಕ್ಕಳದಿಂದ ಮೊಳೆ ಕಿತ್ತು ಡ್ರಾಯರಿಗೆ ಹಾಕಿದರು. ನನ್ನ ಕಡೆ ನೋಡದೆಯೇ ಅಂದರು:

“ಆ ಕುರ್ಚಿ ನಿಂದs. ಹಳದಿ ಎಷ್ಟು ಬೇಕೋ ಅಷ್ಟು ಇಡು.”

ಆಮೇಲೆ ದನಿ ಇಳಿಸಿ ಅಂದರು: “ಆದ್ರ ಇದನ್ನ ಯಾರ ಮುಂದೂ ಹೇಳಬ್ಯಾಡವಾ. ನೀ ಮೊದ್ಲs ಮಾತು ಕಡಿಮಿ. ಹೇಳೂದಿಲ್ಲಲ್ಲ?”

ನಾನು ಸಂಕೋಚದ ಹುಡುಗಿ. ಹೇಳುವುದಿಲ್ಲ ಎಂದೂ ಅನ್ನದೆ ಸ್ಕ್ರೀನಿನ ಕಡೆ ತಿರುಗಿದೆ.