ಒಂದು ಗಂಟೆ ಎಲ್ಲೂ ನಿಲ್ಲಿಸದೆ

ನಮ್ಮ ಹದಿನಾರು ವರ್ಷದ ಕಾರಿನ ರೋಗವನ್ನು ನಾನೇ ಪತ್ತೆ ಹಚ್ಚುತ್ತೇನೆಂದು ಘೋಷಿಸಿದ್ದು ಒಂದು ಗುರುವಾರ, ದೋಸೆ ಮಗುಚುವ ಸಟ್ಟುಗವನ್ನು ರಾಜದಂಡದಂತೆ ಎತ್ತಿ ಹಿಡಿದು. ಕೀಲಿ ತಿರುಗಿಸಿದರೆ ಅದು ನಾಲ್ಕು ಸಲ ಕೆಮ್ಮಿ ಐದನೆಯದಕ್ಕೆ ಏಳುತ್ತಿತ್ತು.

"ಭಾನುವಾರ ಹನ್ನೊಂದಕ್ಕೆ ಹಿತೇಶ್ ಬರ್ತಾರೆ. ಕೊಟ್ಟುಬಿಡುವ," ಎಂದರು ನನ್ನವರು, ಮೋಹನದಾಸರು. ಹಿತೇಶ್ ಹಳೆ ಕಾರು ಕೊಳ್ಳುವ ವ್ಯಾಪಾರಿ.

"ಅಷ್ಟರೊಳಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಹಾಗೆ ಮಾಡಿದ್ರೆ?"

"ಮಾಡಿದ್ರೆ ನೀನೇ ಇಟ್ಕೊ ಮಾರಾಯ್ತಿ."

ಅವರು ಠಾಣೆ ಶಹರದ ಆಫೀಸಿಗೆ ಹೋಗುವುದು ಲೋಕಲ್ ಟ್ರೇನಿನಲ್ಲಿ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯೊಳಗೆ ಕಾರು ಓಡಿಸುವವಳು ನಾನು. ನಲವತ್ತೇಳನೇ ವಯಸ್ಸಿಗೆ ಲೈಸೆನ್ಸ್ ಪಡೆದವಳಿಗೆ ಕಾರು ಹೋದರೆ ಮತ್ತೆ ಎರಡೂ ಕೈಗೆ ಚೀಲ, ರಿಕ್ಷಾದವರ ದಾಕ್ಷಿಣ್ಯ. ನಿದ್ದೆಯಲ್ಲೂ ಕೀಲಿ ತಿರುಗಿಸತೊಡಗಿದೆ.

ವಿಡಿಯೊ ನೋಡಿ ನೋಡಿ ಶನಿವಾರದ ಹೊತ್ತಿಗೆ ಏಳು ರೋಗಗಳ ಪಟ್ಟಿ ತಯಾರಿಸಿದ್ದೆ. ಗ್ಯಾರೇಜಿನ ಯತಿನ್ ಕಾರ್ಕಳದ ಕಡೆಯವನು. ಪಟ್ಟಿಯನ್ನು ನೋಡಲೇ ಇಲ್ಲ. ಬ್ಯಾಟರಿಗೆ ಮೀಟರ್ ಹಿಡಿದು ಕೇಳಿದ, "ಅಕ್ಕಾ, ಇದು ದಿನಾ ಎಲ್ಲೆಲ್ಲಿಗೆ ಹೋಗ್ತದೆ?"

"ತರಕಾರಿಗೆ. ಹಿಟ್ಟಿನ ಗಿರಣಿಗೆ. ಅತ್ತೆಯ ಫಿಸಿಯೋಥೆರಪಿಗೆ. ಇಸ್ತ್ರಿ ಬಟ್ಟೆ ತರ್ಲಿಕ್ಕೆ."

"ಎಷ್ಟು ದೂರ?"

"ಒಂದು ಕಿಲೋಮೀಟರ್. ಹೆಚ್ಚೆಂದ್ರೆ ಒಂದೂವರೆ."

"ಅದೇ ರೋಗ. ಸ್ಟಾರ್ಟ್ ಮಾಡ್ಲಿಕ್ಕೆ ಖರ್ಚಾದ ಕರೆಂಟ್ ವಾಪಸ್ ತುಂಬುವ ಮೊದಲೇ ಆಫ್ ಮಾಡ್ತೀರಿ. ದಿನಕ್ಕೆ ಹತ್ತು ಸಲ ಎಬ್ಬಿಸಿ ಕೂರಿಸಿದ್ರೆ ಯಾರಿಗೆ ತ್ರಾಣ ಇರ್ತದೆ? ಒಂದು ಗಂಟೆ ಎಲ್ಲೂ ನಿಲ್ಲಿಸದೆ ಓಡಿಸಿ."

ಆ ಔಷಧಿಯ ಚೀಟಿಯನ್ನು ನನ್ನ ಹೆಸರಿಗೂ ಬರೆಸಿಕೊಳ್ಳಬೇಕೆನಿಸಿತು.

ಭಾನುವಾರ ಎಂಟಕ್ಕೆ ಹೊರಟೆ.

"ಟಿಟ್ವಾಳಾದ ಕಡೆಗಾದ್ರೆ ಗಣಪತಿಗೊಂದು ಕಾಯಿ ಒಡೆಸು," ಎಂದರು ಅತ್ತೆ.

"ಕಲ್ಯಾಣ ಪೇಟೆಯಲ್ಲಿ ನನ್ನ ಕನ್ನಡಕ ರಿಪೇರಿಗೆ ಕೊಟ್ಟದ್ದುಂಟು," ಎಂದರು ಇವರು.

"ಇವತ್ತು ಯಾರ ಕೆಲಸಕ್ಕೂ ಬ್ರೇಕ್ ಹಾಕುವುದಿಲ್ಲ," ಎಂದು ರಣರಂಗಕ್ಕೆ ಹೊರಟವಳಂತೆ ಬಾಗಿಲೆಳೆದುಕೊಂಡೆ.

ಜಡಿಮಳೆ. ವೈಪರ್, ದೀಪ ಎಲ್ಲವೂ ಬ್ಯಾಟರಿಯ ಜೀವ ಹೀರುತ್ತಿದ್ದವು. ಕಲ್ಯಾಣದ ಟ್ರಾಫಿಕ್ಕಿನಲ್ಲಿ ಎಂಜಿನ್ ಎಲ್ಲಿ ನಿಂತೀತೋ ಎಂದು ಆಕ್ಸಿಲರೇಟರ್ ಒತ್ತುತ್ತಲೇ ಇದ್ದೆ. ಊರು ದಾಟಿ ರಸ್ತೆ ತೆರೆದುಕೊಂಡಿತು. ಬೀಗಿದೆ.

ಆಗ ಕಂಡವು ರಸ್ತೆ ಬದಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ಕೆಸುವಿನೆಲೆಗಳು. ಕಪ್ಪು ದಂಟು, ಎಳೆಯ ಎಲೆ. ತುಳುನಾಡಿನ ಲೆಕ್ಕದಲ್ಲಿ ಆಟಿ ತಿಂಗಳು, ಈ ಎಲೆ ತಿನ್ನುವ ಮಳೆಗಾಲ. ಎಲೆಗೆ ಹಿಟ್ಟು ಸವರಿ ಬೇಯಿಸಿದ ಪತ್ರೊಡೆ ಕಣ್ಣ ಮುಂದೆ ಹಬೆಯಾಡಿತು. ಕಾಲು ಬ್ರೇಕ್ ಒತ್ತಿತು. ಕೈ ಕೀಲಿ ತಿರುಗಿಸಿ ಆಫ್ ಮಾಡಿತು. ನನ್ನನ್ನು ಎರಡೂ ಕೇಳಲಿಲ್ಲ.

ಆರು ಕಟ್ಟು ಕೊಂಡು ಬಂದು ಕೂತೆ. ಕೀಲಿ ತಿರುಗಿಸಿದರೆ 'ಟಕ್'. ಕೆಮ್ಮೂ ಇಲ್ಲ.

ಎಲೆ ಮಾರುವಾಕೆ ಹತ್ತಿರ ಬಂದು, ಎಲ್ಲಿಗೆ ಹೋಗಬೇಕಿತ್ತು ಎಂದು ಮರಾಠಿಯಲ್ಲಿ ಕೇಳಿದಳು. ಎಲ್ಲಿಗೂ ಇಲ್ಲ, ನಿಲ್ಲಿಸದೆ ಓಡಿಸುವುದಷ್ಟೇ ಕೆಲಸವಾಗಿತ್ತು ಎಂದೆ.

"ಮಗ್ ಥಾಂಬಲಾತ್ ಕಶಾಲಾ, ತಾಈ?"

ಹಾಗಾದರೆ ನಿಂತದ್ದು ಯಾಕೆ ಅಕ್ಕಾ, ಎಂದು. ನನ್ನ ಏಳು ರೋಗಗಳ ಪಟ್ಟಿಯಲ್ಲಿ ಈ ಎಂಟನೆಯ ರೋಗ ಇರಲಿಲ್ಲ.

ಆಕೆಯೂ ಪಕ್ಕದ ಇಬ್ಬರು ಹೆಂಗಸರೂ ಸೀರೆ ಎತ್ತಿ ಕಟ್ಟಿ ತಳ್ಳಿದರು. ಎರಡನೇ ಗೇರಿನಲ್ಲಿ ಎಂಜಿನ್ ಎದ್ದಿತು. ನಿಂತು ಉಪಕಾರ ಹೇಳುವ ಧೈರ್ಯವಾಗದೆ ಕಿಟಕಿಯಿಂದ ಕೈಬೀಸಿದೆ. ಹೆದರಿಕೆಯಿಂದಲೇ ಡೊಂಬಿವಲಿಯ ತನಕ, ಒಂದು ಗಂಟೆಗೂ ಹೆಚ್ಚು, ಕೀಲಿ ಮುಟ್ಟಲಿಲ್ಲ.

ಸೊಸೈಟಿಯ ಗೇಟಿನಲ್ಲಿ ಹಿತೇಶ್ ಕೊಡೆ ಹಿಡಿದು ನಿಂತಿದ್ದರು. "ಆಫ್ ಮಾಡಿ ಸ್ಟಾರ್ಟ್ ಮಾಡಿ, ಭಾಭೀಜಿ."

ಆಫ್ ಮಾಡಿದೆ. ವೈಪರ್, ದೀಪಗಳನ್ನೂ ಆರಿಸಿದೆ. ಕೀಲಿ ತಿರುಗಿಸಿದೆ.

ಒಂದೇ ಸಲಕ್ಕೆ ಎದ್ದಿತು.

ಕಾರು ಮಾರುವುದಿಲ್ಲ ಎಂದೆ; ಹಿತೇಶ್ ಹೊರಟು ಹೋದರು. ಮೋಹನದಾಸರು ಎರಡೂ ಕೈ ಜೋಡಿಸಿದರು. "ಗೆದ್ದೆ ಮಾರಾಯ್ತಿ. ಇನ್ನು ಪ್ರತಿ ಭಾನುವಾರ ಒಂದು ಗಂಟೆ ಹೋಗಿ ಬಾ, ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ. ಮುಂದಿನ ವಾರ ಎಲ್ಲಿಗೆ?"

"ಠಾಣೆಗೆ," ಎಂದೆ ಜಂಬದಿಂದ. "ಅಲ್ಲಿ ಒಳ್ಳೆ ಕುಚ್ಚಲಕ್ಕಿ ಬಂದಿದೆಯಂತೆ."